ಬೈಲಾ ಓದದ ವಕೀಲರು

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು: ನೀವು ಪ್ರಾಕ್ಟೀಸ್ ಶುರು ಮಾಡಿ ಆರು ವರ್ಷ ಆಯಿತು. ವಕೀಲರ ಸಂಘದ ಚಂದಾ ಒಂದು ವರ್ಷವೂ ಬಾಕಿ ಇಟ್ಟಿಲ್ಲ. ಸಂಘಕ್ಕೆ ನಿಮ್ಮ ನೆನಪಾಗುವುದು ಮಾತ್ರ ಚುನಾವಣೆ ಹತ್ತಿರ ಬಂದಾಗ. ಈಚೆಗೆ ಒಬ್ಬ ವಕೀಲರು ತಮ್ಮ ಕಕ್ಷಿದಾರರಿಗೆ ಬಂದ ಪರಿಹಾರದ ಹಣವನ್ನು ಕೊಡದೆ ಇಟ್ಟುಕೊಂಡರು. ನೀವೇ ಮುಂದೆ ನಿಂತು ಆ ಕಕ್ಷಿದಾರರಿಂದ ಸಂಘಕ್ಕೆ ದೂರು ಕೊಡಿಸಿದಿರಿ. ಅಧ್ಯಕ್ಷರು 'ನೋಡೋಣ' ಅಂದರು, ನಾಲ್ಕು ತಿಂಗಳಾದರೂ ನೋಡಿಲ್ಲ. "ಇಂಥ ಸಂಘ ಇದ್ದರೆಷ್ಟು, ಬಿಟ್ಟರೆಷ್ಟು, ರಾಜೀನಾಮೆ ಕೊಡಲೇ?" ಅಂತ ಕೇಳಿದ್ದೀರಿ.

ಕೊಡಬೇಡಿ. ಯಾಕೆ ಅಂತ ಹೇಳುತ್ತೇನೆ, ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ಆ ದೂರಿನ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ನೀವು ತಟ್ಟಿದ್ದು ಬೇರೆಯವರ ಮನೆ ಬಾಗಿಲು. ವಕೀಲರ ಸಂಘ ಬೇರೆ, ವಕೀಲರ ಪರಿಷತ್ತು ಬೇರೆ. 'ಬಾರ್' ಅನ್ನುವ ಒಂದೇ ಮಾತು ಎರಡಕ್ಕೂ ಓಡಾಡುವುದರಿಂದ ವಕೀಲರೇ ಎಡವುತ್ತಾರೆ, ಇನ್ನು ಕಕ್ಷಿದಾರರಿಗೆ ಹೇಗೆ ಗೊತ್ತಾಗಬೇಕು? ರಾಜ್ಯ ವಕೀಲರ ಪರಿಷತ್ತು ಹುಟ್ಟಿದ್ದು 1961ರ ವಕೀಲರ ಕಾಯ್ದೆಯಿಂದ. ವಕೀಲಿಕೆ ಮಾಡಲು ಬೇಕಾದ ಸನದು ಕೊಡುವುದು ಅದು, ಕಿತ್ತುಕೊಳ್ಳುವುದೂ ಅದು. ಸಂಘ ಹಾಗಲ್ಲ, ಅದು ವಕೀಲರು ತಾವೇ ಸೇರಿ ಕಟ್ಟಿಕೊಂಡದ್ದು. ಸಾಮಾನ್ಯವಾಗಿ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಣಿ ಆಗಿರುತ್ತದೆ. ತುಂಬಾ ಸಿಟ್ಟು ಬಂದರೆ ನಿಮ್ಮ ಸಂಘ ಆ ವಕೀಲರ ಸದಸ್ಯತ್ವ ರದ್ದು ಮಾಡಬಹುದು. ಮೈಮೇಲಿನ ಕರಿ ಕೋಟು ಬಿಚ್ಚಿಸುವ ಅಧಿಕಾರ ಅದಕ್ಕಿಲ್ಲ.

ಹಾಗಾಗಿ ದೂರು ಹೋಗಬೇಕಾದ್ದು ಪರಿಷತ್ತಿಗೆ, ಕಾಯ್ದೆಯ 35ನೇ ಕಲಮಿನ ಕೆಳಗೆ. ದೂರಿನಲ್ಲಿ ಹುರುಳಿದೆ ಅನ್ನಿಸಿದರೆ ಪರಿಷತ್ತು ಅದನ್ನು ಶಿಸ್ತು ಸಮಿತಿಗೆ ಕಳಿಸುತ್ತದೆ. ಸಮಿತಿಯಲ್ಲಿ ಮೂವರು: ಇಬ್ಬರು ಪರಿಷತ್ತಿನ ಸದಸ್ಯರು, ಒಬ್ಬರು ಪರಿಷತ್ತಿಗೆ ಸೇರದ ವಕೀಲರು. ದೂರನ್ನು ವಜಾ ಮಾಡಬಹುದು, ವಕೀಲರಿಗೆ ಛೀಮಾರಿ ಹಾಕಬಹುದು, ಇಷ್ಟು ಕಾಲ ಅಂತ ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ಹೊಡೆದು ಹಾಕಬಹುದು. ಇನ್ನೊಂದು ಮಾತು, ಇದು ಎಷ್ಟೋ ವಕೀಲರಿಗೇ ಗೊತ್ತಿಲ್ಲ. ದೂರು ಬಂದ 1 ವರ್ಷದೊಳಗೆ ರಾಜ್ಯದ ಸಮಿತಿ ಅದನ್ನು ಮುಗಿಸದಿದ್ದರೆ ಕಡತ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗಬೇಕು ಅಂತ 36ಬಿ ಕಲಮು ಹೇಳುತ್ತದೆ. ರಾಜ್ಯದ ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಅಲ್ಲಿಗೇ ಮೇಲ್ಮನವಿ, ಅದರ ಮೇಲೆ ಸುಪ್ರೀಂ ಕೋರ್ಟು. ಕಕ್ಷಿದಾರರಿಗೆ ಇದನ್ನು ದಿನಾಂಕ ಹಾಕಿ ಬರೆದುಕೊಡಿ. ಬಾಯಲ್ಲಿ ಹೇಳಿದ್ದು ಉಳಿಯುವುದಿಲ್ಲ.

ಆದರೆ ವಕೀಲರ ತಪ್ಪನ್ನು ವಕೀಲರೇ ವಿಚಾರಿಸುವುದು, ಅದೂ ವಕೀಲರ ಮತದಿಂದಲೇ ಗೆದ್ದು ಬಂದವರು ವಿಚಾರಿಸುವುದು ಸರಿಯಾ ಅನ್ನುವ ಪ್ರಶ್ನೆ ನಿಮ್ಮ ಪತ್ರದ ಕೆಳಗೆ ಇದ್ದೇ ಇದೆ, ನೀವು ಬರೆದಿಲ್ಲ ಅಷ್ಟೆ. ನನಗೂ ಆ ಅನುಮಾನ ಇದೆ. ಮತ ಕೇಳುವ ಕೈಯಲ್ಲೇ ಕೋಲು ಕೊಟ್ಟರೆ ಕೋಲು ಮೆತ್ತಗಾಗುತ್ತದೆ ಅಲ್ವಾ? ಇಂಗ್ಲೆಂಡಿನಲ್ಲಿ ಲಾ ಸೊಸೈಟಿ ಬಹಳ ಕಾಲ ಎರಡೂ ಕೆಲಸ ಮಾಡುತ್ತಿತ್ತು, ಸಾಲಿಸಿಟರುಗಳ (ಅಲ್ಲಿನ ಒಂದು ಬಗೆಯ ವಕೀಲರು) ಪರ ಮಾತಾಡುವುದೂ ಅದೇ, ಅವರ ಮೇಲಿನ ದೂರು ಕೇಳುವುದೂ ಅದೇ. 2004ರಲ್ಲಿ, ಅಲ್ಲಿನ ಸರ್ಕಾರ ನೇಮಿಸಿದ್ದ ಡೇವಿಡ್ ಕ್ಲೆಮೆಂಟಿ ವರದಿ ಕೊಟ್ಟು ಇವೆರಡನ್ನೂ ಬೇರೆ ಮಾಡಿ ಅಂದರು. 2007ರಲ್ಲಿ ಶಿಸ್ತಿನ ಕೆಲಸ ಬೇರೆ ಸಂಸ್ಥೆಗೆ ಹೋಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ 2018ರಿಂದ ನಿಯಂತ್ರಣ ಒಂದು ಕಡೆ, ಸದಸ್ಯರ ಸಂಘ ಇನ್ನೊಂದು ಕಡೆ. ನಮ್ಮಲ್ಲಿ ಹೆಸರಿಗೆ ಎರಡು ಸಂಸ್ಥೆ ಮೊದಲಿನಿಂದಲೂ ಇವೆ. ಆದರೆ ಪರಿಷತ್ತಿಗೆ ನಿಲ್ಲುವವರು, ಸಂಘಕ್ಕೆ ನಿಲ್ಲುವವರು, ಮತ ಹಾಕುವವರು ಎಲ್ಲ ಒಂದೇ ಕಾರಿಡಾರಿನವರು.

ಈಗ ನಿಮ್ಮ ಸಂಘಕ್ಕೆ ಬರೋಣ. ಈ ಪತ್ರಿಕೆಗೆ ಬರುವ ಮೊದಲು ನಾನೂ ನಾಲ್ಕು ವರ್ಷ ಕೋಟು ಹಾಕಿದವನು. ಒಂದು ವರ್ಷ ಸಂಘದ ಜಂಟಿ ಕಾರ್ಯದರ್ಶಿಯಾಗಿದ್ದೆ. ಯಾವ ಸಂಘ ಅಂತ ಕೇಳಬೇಡಿ. ಚುನಾವಣೆಯ ದಿನ ನಿಲ್ಲಲು ಜಾಗ ಇರಲಿಲ್ಲ. ಕೈಯಲ್ಲಿ ಕಾರ್ಡು, ಕಾಲಿನ ಕೆಳಗೆ ಕರಪತ್ರ. ವರ್ಷದ ಸರ್ವಸದಸ್ಯರ ಸಭೆಗೆ ಅದೇ ಹಾಲಿನಲ್ಲಿ ಕೂತಿದ್ದವರು 23 ಜನ, ಹಾಜರಿ ಪುಸ್ತಕದ ಒಂದು ಪುಟವೂ ತುಂಬಲಿಲ್ಲ. ಕೋರಂ, ಅಂದರೆ ಸಭೆಗೆ ಬೇಕಾದಷ್ಟು ಜನ, ಇಲ್ಲ ಅಂತ ಅರ್ಧ ಗಂಟೆ ಮುಂದೂಡಿ, ಆಮೇಲೆ ಕೋರಂ ಬೇಡ ಅನ್ನುವ ಬೈಲಾ (ಸಂಘದ ಒಳನಿಯಮ) ತೋರಿಸಿ ಅದೇ 23 ಜನರೊಂದಿಗೆ ಶುರು ಮಾಡಿದೆವು. ಲೆಕ್ಕಪತ್ರ ಒಂದೇ ಹಾಳೆ. ಗ್ರಂಥಾಲಯಕ್ಕೆ ಇಷ್ಟು, ಕರೆಂಟಿಗೆ ಇಷ್ಟು, ಕೊನೆಯಲ್ಲಿ 'ಇತರೆ ಖರ್ಚು' ಅಂತ ಒಂದು ಸಾಲು, ಅದು ಗ್ರಂಥಾಲಯಕ್ಕಿಂತ ದೊಡ್ಡದು.

ಹಿಂದಿನ ಬೆಂಚಿನಿಂದ ಒಬ್ಬ ಹಿರಿಯ ವಕೀಲರು ಕನ್ನಡಕವನ್ನು ಹಣೆ ಮೇಲೆ ಏರಿಸಿಕೊಂಡು ಎದ್ದರು. "ಇತರೆ ಅಂದರೆ ಏನಪ್ಪಾ?"

ಖಜಾಂಚಿ ಹಾಳೆ ತಿರುಗಿಸಿ ನೋಡಿದರು. ಹಿಂದೆ ಖಾಲಿ. "ಸರ್, ಅದು... ಇತರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಡಾವಳಿ ಪುಸ್ತಕದಲ್ಲಿ 'ಸರ್ವಾನುಮತದಿಂದ ಅಂಗೀಕಾರ' ಅಂತ ಬರೆದೆ. ಸಭೆ ಮುಗಿದ ಮೇಲೆ ಆ ಹಿರಿಯರು ನನ್ನ ಮೇಜಿನ ಹತ್ತಿರ ಬಂದು ಪುಸ್ತಕ ಓದಿದರು. "ನಾನು ಒಪ್ಪಲಿಲ್ಲವಲ್ಲಪ್ಪಾ, ಸರ್ವಾನುಮತ ಹೇಗಾಯಿತು?" ಅಂದರು. ನಾನು ಆ ಸಾಲು ಹೊಡೆದು ಹಾಕಿ 'ಒಂದು ಆಕ್ಷೇಪಣೆಯೊಂದಿಗೆ' ಅಂತ ಬರೆದು ಪಕ್ಕದಲ್ಲಿ ಸಹಿ ಮಾಡಬೇಕಾಯಿತು. ಮುಂದಿನ ವರ್ಷದ ಹಾಳೆಯಲ್ಲಿ 'ಇತರೆ' ಅನ್ನುವ ಜಾಗದಲ್ಲಿ 11 ಸಾಲು ಇದ್ದವು. ಅವರು ಭಾಷಣ ಮಾಡಿರಲಿಲ್ಲ, ಬಣ ಕಟ್ಟಿರಲಿಲ್ಲ. ಬೈಲಾದ ಪ್ರತಿ ಒಂದು ಅವರ ಚೀಲದಲ್ಲಿ ಇರುತ್ತಿತ್ತು, ಅಷ್ಟೇ.

ಬೇರೆಯವರ ಒಪ್ಪಂದದಲ್ಲಿ ಅಲ್ಪವಿರಾಮ ಎಲ್ಲಿ ಬಿದ್ದಿದೆ ಅಂತ ಹುಡುಕುವ ನಾವು ನಮ್ಮದೇ ಸಂಘದ ಬೈಲಾವನ್ನು ತೆರೆದು ನೋಡಿರುವುದಿಲ್ಲ. ಪದಾಧಿಕಾರಿಗಳ ಅವಧಿ ಎಷ್ಟು, ಒಬ್ಬರೇ ಎಷ್ಟು ಸಲ ನಿಲ್ಲಬಹುದು, ವಿಶೇಷ ಸಭೆ ಕರೆಸಲು ಎಷ್ಟು ಸದಸ್ಯರ ಸಹಿ ಬೇಕು, ಚೆಕ್ಕಿಗೆ ಎಷ್ಟು ಜನ ಸಹಿ ಹಾಕಬೇಕು. ನಿಮ್ಮ ಅಧ್ಯಕ್ಷರು 'ನೋಡೋಣ' ಅಂದಾಗ ನೀವು ಏನು ಕೇಳಬಹುದಿತ್ತು ಅನ್ನುವುದೂ ಅಲ್ಲೇ ಇರುತ್ತದೆ.

ಬೈಲಾ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಸುಪ್ರೀಂ ಕೋರ್ಟ್ ವಕೀಲರ ಸಂಘವನ್ನೇ ನೋಡಿ. ದಿನವೂ ಅಲ್ಲಿ ಕೆಲಸ ಮಾಡದವರು ಚುನಾವಣೆಯ ದಿನ ಮಾತ್ರ ಬಂದು ಮತ ಹಾಕಿ ಹೋಗುತ್ತಿದ್ದರು. ಬೇರೆ ಸಂಘದ ಚುನಾವಣೆಯಲ್ಲಿ ಮತ ಹಾಕಿದವರು ಇಲ್ಲಿ ಹಾಕುವಂತಿಲ್ಲ ಅಂತ ಸಂಘ ನಿಯಮ ತಂದಿತು, ಜಗಳ ಕೋರ್ಟಿಗೆ ಹೋಯಿತು, 2011ರಲ್ಲಿ ನ್ಯಾಯಾಲಯ ನಿಯಮವನ್ನು ಎತ್ತಿ ಹಿಡಿಯಿತು. 'ಒಂದು ಬಾರ್, ಒಂದು ಮತ' ಅನ್ನುವ ಮಾತು ಹುಟ್ಟಿದ್ದು ಹಾಗೆ. ಅದೇ ಸಂಘದ ಕಾರ್ಯಕಾರಿ ಸಮಿತಿಯ 9 ಸ್ಥಾನಗಳಲ್ಲಿ ಕನಿಷ್ಠ 3 ಮಹಿಳೆಯರಿಗೆ ಅಂತ 2024ರ ಮೇ ತಿಂಗಳಲ್ಲಿ ನ್ಯಾಯಾಲಯವೇ ಹೇಳಬೇಕಾಯಿತು. ಸಮಾನತೆ ಬಗ್ಗೆ ದಿನಾ ವಾದ ಮಾಡುವವರಿಗೆ ಇದನ್ನು ಹೊರಗಿನಿಂದ ಹೇಳಿಸಿಕೊಳ್ಳಬೇಕಾಯಿತು ಅನ್ನುವುದು ನನಗೆ ಸ್ವಲ್ಪ ನಾಚಿಕೆಯ ಸಂಗತಿ.

ಸದಸ್ಯರಿಗೆ ಸಂಘ ಏನು ಮಾಡಬೇಕು? ಕಲಾಪ ಬಹಿಷ್ಕಾರಕ್ಕೆ ಕರೆ ಕೊಡುವುದು ಎಲ್ಲಕ್ಕಿಂತ ಸುಲಭದ ಸೇವೆ, ಒಂದು ಠರಾವು ಸಾಕು. ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟಿನ 2002ರ ಹರೀಶ್ ಉಪ್ಪಲ್ ತೀರ್ಪು ಹೇಳಿದರೂ ಬಹಿಷ್ಕಾರ ನಿಂತಿಲ್ಲ. ಕಷ್ಟದ ಸೇವೆ ಬೇರೆ. ಸೀನಿಯರ್ ಛೇಂಬರಿನಲ್ಲಿ ಪುಸ್ತಕ ಮುಟ್ಟಲು ಸಿಗದ ಜೂನಿಯರಿಗೆ ಸಂಘದ ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರುವುದು, ತೀರ್ಪುಗಳ ಆನ್‌ಲೈನ್ ಚಂದಾ ಸಂಘವೇ ಕಟ್ಟುವುದು, ಮಹಿಳಾ ವಕೀಲರ ಕೋಣೆಯ ನಲ್ಲಿಯಲ್ಲಿ ನೀರು ಬರುವುದು. ವಕಾಲತ್ತಿಗೆ ನೀವು ಅಂಟಿಸುವ ಕಲ್ಯಾಣ ನಿಧಿ ಸ್ಟಾಂಪು ಯಾತಕ್ಕೆ, ಆ ನಿಧಿಗೆ ನೀವು ಸದಸ್ಯರಾಗಿದ್ದೀರಾ ಅಂತ ಯಾರಾದರೂ ಹೇಳಿದ್ದಾರಾ? ವಕೀಲರು ತೀರಿಕೊಂಡ ಮೇಲೆ ಮನೆಯವರು ಅರ್ಜಿ ಹಿಡಿದು ಬಂದಾಗ ಸದಸ್ಯತ್ವವೇ ಇರಲಿಲ್ಲ ಅಂತ ಗೊತ್ತಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ವರ್ಷಕ್ಕೊಮ್ಮೆ ಕೂತು ಪರಿಶೀಲಿಸಲು ಒಬ್ಬ ಗುಮಾಸ್ತ, ಒಂದು ಪಟ್ಟಿ ಸಾಕು. ಇದಕ್ಕೆ ಫ್ಲೆಕ್ಸ್ ಹಾಕಲು ಆಗುವುದಿಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲ.

ನೀವು ರಾಜೀನಾಮೆ ಕೊಟ್ಟರೆ ಲೆಕ್ಕದ ಹಾಳೆ ಕೇಳುವ ಹಕ್ಕೂ ಅದರ ಜೊತೆ ಹೋಗುತ್ತದೆ. ಮುಂದಿನ ಸರ್ವಸದಸ್ಯರ ಸಭೆ ಯಾವಾಗ ಅಂತ ಕಾರ್ಯದರ್ಶಿಯವರಿಗೆ ಬರೆದು ಕೇಳಿ, ಬೈಲಾದ ಪ್ರತಿಯನ್ನೂ ಅದೇ ಪತ್ರದಲ್ಲಿ ಕೇಳಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ನಾಲ್ಕೈದು ಜೂನಿಯರುಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ಓದದೆ ಎದ್ದು ಬರಬೇಡಿ. ಆ ಕಕ್ಷಿದಾರರ ದೂರು ಮಾತ್ರ ಸಭೆಯವರೆಗೆ ಕಾಯುವುದು ಬೇಡ, ಪರಿಹಾರದ ಆದೇಶದ ಪ್ರತಿ, ಬ್ಯಾಂಕಿನ ಕಾಗದ ಜೊತೆಗಿಟ್ಟು ಈ ವಾರವೇ ಪರಿಷತ್ತಿಗೆ ಹೋಗಲಿ.