ಗ್ವಾಂಟನಾಮೊ ವಿರುದ್ಧ ಬೀದಿಯಲ್ಲಿ ನಿಂತರೆ ಏನು ಪ್ರಯೋಜನ?

ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಜೈಲು ಗ್ವಾಂಟನಾಮೊದಲ್ಲಿ ವಿಚಾರಣೆ ಇಲ್ಲದೆ ಕೂಡಿಹಾಕಿದವರಿಗಾಗಿ ಫಲಕ ಹಿಡಿದು ನಿಂತರೆ ಅಮೆರಿಕಕ್ಕೆ ಕೇಳಿಸುತ್ತದಾ ಅಂತ ಕೇಳಿದ್ದೀರಿ. ಕೇಳಿಸುತ್ತದೆ, ತುಂಬಾ ತಡವಾಗಿ. ಲಂಡನ್ನಿನಲ್ಲಿ ಮನೆ ಮಾಡಿದ್ದ ಶಾಕರ್ ಆಮರ್ ವಿಷಯವನ್ನೇ ನೋಡಿ. 2002ರ ಫೆಬ್ರವರಿಯಲ್ಲಿ ಅವರನ್ನು ಗ್ವಾಂಟನಾಮೊಗೆ ತಂದ ದಿನವೇ ಅವರ ಕೊನೆಯ ಮಗ ಹುಟ್ಟಿದ. ಅವರ ಮೇಲೆ ಒಂದು ಆರೋಪವನ್ನೂ ಹೊರಿಸಲಿಲ್ಲ. ಬಿಡಬಹುದು ಅಂತ 2007ರಲ್ಲೇ ಒಪ್ಪಿಯೂ ಬಿಡಲಿಲ್ಲ, ಎಂಥ ಅನ್ಯಾಯ ಅಲ್ವಾ? ಲಂಡನ್ನಿನ ಜನ ಸುಮ್ನೆ ಕೂರಲಿಲ್ಲ, ಕೈದಿಗಳ ಕಿತ್ತಳೆ ಬಟ್ಟೆ ತೊಟ್ಟು ಸಂಸತ್ತಿನ ಎದುರು ಮತ್ತೆ ಮತ್ತೆ ನಿಂತರು, ಸಂಸದರಿಗೆ ಪತ್ರ ಬರೆದರು, ಕೊನೆಗೆ 2015ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸಂಸತ್ತೇ ಅವರನ್ನು ಬಿಡಿ ಅಂತ ಕೇಳಿತು. ಅಕ್ಟೋಬರ್ 30ಕ್ಕೆ ಮರಳಿ ಬಂದರು. ಮಗನಿಗೆ ಆಗ 13 ವರ್ಷ. ಅಪ್ಪನನ್ನು ಎದುರಿಗೆ ನೋಡಿದ್ದು ಅದೇ ಮೊದಲು. ನೀವೂ ಶುರು ಮಾಡುವುದಾದರೆ ಒಬ್ಬ ಕೈದಿಯ ಹೆಸರು ಹಿಡಿದೇ ಪತ್ರ ಬರೆಯಿರಿ.