ಕೋವಿಡ್ ಬಂದಾಗ ಹಳ್ಳಿಯಲ್ಲಿದ್ದವರಿಗೆ ಯಾವ ಸಲಹೆ ನಿಜಕ್ಕೂ ಕೆಲಸಕ್ಕೆ ಬಂತು?

ನಿಮ್ಮ ಊರಲ್ಲಿ ಈಗ ಜ್ವರ, ಕೆಮ್ಮು ಜಾಸ್ತಿಯಾಗಿದೆ ಎಂದಿದ್ದೀರಿ. ಕೋವಿಡ್ ಹೊತ್ತಲ್ಲಿ ಆರೋಗ್ಯ ಇಲಾಖೆಯವರು ಹೇಳಿದ್ದರಲ್ಲಿ ನಿಜಕ್ಕೂ ಯಾವುದು ಉಪಯೋಗಕ್ಕೆ ಬಂತು ಎಂದು ಕೇಳಿದ್ದೀರಿ. ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ತೆರೆದಿಟ್ಟ ಒಂದು ಕಿಟಕಿ ಮತ್ತು 94 ಎಂಬ ಸಂಖ್ಯೆ. ಎರಡನ್ನೂ ಹೇಳಿಕೊಟ್ಟವರು ನಮ್ಮೂರ ಆಶಾ ಕಾರ್ಯಕರ್ತೆ.

ನಮ್ಮದು ಅರಸೀಕೆರೆ ಕಡೆಯ ಸಣ್ಣ ಊರು. 2021ರ ಮೇ ತಿಂಗಳಲ್ಲಿ ಅಪ್ಪನಿಗೆ ಜ್ವರ ಬಂತು. ಅದಕ್ಕೂ ಮೊದಲೇ ಮೈಕ್ ಕಟ್ಟಿದ ಆಟೋ ಬಂದು ಮಾಸ್ಕ್ ಹಾಕಿ, ಕೈ ತೊಳೆಯಿರಿ, ಅಂತರ ಕಾಪಾಡಿ ಎಂದು ಸಾರಿ ಹೋಗಿತ್ತು. ಮಾತು ಸರಿಯೇ. ಆದರೆ ನಮ್ಮ ಮನೆಯಲ್ಲಿ ಆರು ಜನ. ಇರೋದು ಒಂದು ನಡುಮನೆ, ಒಂದು ಕೋಣೆ, ಹಿತ್ತಲಲ್ಲಿ ಒಂದೇ ಬಚ್ಚಲು. ಅಂತರ ಎಲ್ಲಿಂದ ತರೋದು?

ಆಶಾ ಅಕ್ಕ ಜಗುಲಿಯಲ್ಲೇ ನಿಂತು ಮನೆಯನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಅಮ್ಮನಿಗೆ ಹೇಳಿದರು: "ಅಣ್ಣ ಕೋಣೆಯಲ್ಲೇ ಇರಲಿ. ಆ ಕಿಟಕಿ ತೆಗೆದೇ ಇಡಿ. ಊಟ ಬಾಗಿಲ ಹತ್ರ ಸ್ಟೂಲ್ ಮೇಲೆ ಇಡಿ. ಸ್ನಾನಕ್ಕೆ ಅವರು ಕೊನೆಗೆ ಹೋಗಲಿ. ನೋಡ್ಕೊಳ್ಳೋಕೆ ಒಬ್ಬರೇ ಇರಿ, ಒಳಗೆ ಹೋದಾಗ ಇಬ್ಬರೂ ಮಾಸ್ಕ್ ಹಾಕ್ಕೊಳ್ಳಿ. ಅಜ್ಜಿ ಮಾತ್ರ ಆ ಕಡೆ ಹೋಗೋದೇ ಬೇಡ."

ಕಿಟಕಿ ವಿಷಯಕ್ಕೆ ಅಜ್ಜಿ ಒಪ್ಪಲಿಲ್ಲ. ಜ್ವರ ಬಂದವರಿಗೆ ಥಂಡಿ ಗಾಳಿ ತಾಗಬಾರದು ಅನ್ನೋದು ಅವರ ನಂಬಿಕೆ. ಆಗ ಅಕ್ಕ, "ಮುಚ್ಚಿದ ಕೋಣೆಯಲ್ಲಿ ಬೀಡಿ ಸೇದಿದರೆ ಹೊಗೆ ಅಲ್ಲೇ ನಿಲ್ಲುತ್ತೆ ಅಲ್ವಾ ಅಜ್ಜಿ? ಸೋಂಕಿರೋ ಉಸಿರೂ ಹಾಗೇ" ಎಂದರು. ಅಜ್ಜಿ ತಾವೇ ಹೋಗಿ ಹೊರಗಿನಿಂದ ಕಿಟಕಿ ಬಾಗಿಲು ತಳ್ಳಿ ತೆಗೆದರು.

ಇನ್ನು 94. ಅಕ್ಕನ ಹತ್ತಿರ ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಆಕ್ಸಿಮೀಟರ್ ಇತ್ತು. ಐದು ನಿಮಿಷ ಸುಮ್ನೆ ಕೂತ ಮೇಲೆ ಹಾಕಬೇಕು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಬೇಕು, ಉಗುರಿಗೆ ಬಣ್ಣ ಇರಬಾರದು, ಸಂಖ್ಯೆ ನಿಂತ ಮೇಲೆ ಓದಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿ ಗೋಡೆಯ ಕ್ಯಾಲೆಂಡರ್ ಮೇಲೇ ಬರೆಯಿರಿ ಎಂದರು. 94ಕ್ಕಿಂತ ಕೆಳಗೆ ಬಂದರೆ ನಡುರಾತ್ರಿಯಾದರೂ ಫೋನ್ ಮಾಡಬೇಕು. ಕೋವಿಡ್‌ನಲ್ಲಿ ಭಯ ಇದ್ದದ್ದೇ ಅಲ್ಲಿ. ರಕ್ತದಲ್ಲಿ ಆಮ್ಲಜನಕ ಇಳಿದಿದ್ದರೂ ಕೆಲವರಿಗೆ ಏದುಸಿರು ಬರುತ್ತಿರಲಿಲ್ಲ. ಮಾತಾಡುತ್ತಾ, ಕಾಫಿ ಕುಡಿಯುತ್ತಾ ಇರುತ್ತಿದ್ದರು. ಅದಕ್ಕೇ ಆರು ನಿಮಿಷ ಕೋಣೆಯೊಳಗೆ ನಡೆಸಿ ಮತ್ತೆ ನೋಡಲು ಹೇಳಿದ್ದರು.

ಆರನೇ ದಿನ ಸಂಜೆ ಕೂತಾಗ 96 ಇತ್ತು. ನಡೆಸಿದ ಮೇಲೆ 91. ಅಪ್ಪ ಮಾತ್ರ "ನನಗೇನೂ ಆಗಿಲ್ಲ, ಮಲಗಿದ್ರೆ ಸರಿಹೋಗುತ್ತೆ" ಅಂತಲೇ ಇದ್ದರು. ಅಕ್ಕನಿಗೆ ಫೋನ್ ಮಾಡಿದೆವು. ಗಾಡಿ ಬರುವವರೆಗೆ ಬೋರಲು ಮಲಗಿಸಿ ಎಂದರು. ರಾತ್ರಿಯೇ ತಾಲ್ಲೂಕು ಆಸ್ಪತ್ರೆ ಸೇರಿಸಿದೆವು. ಒಂಬತ್ತು ದಿನ ಆಕ್ಸಿಜನ್ ಮೇಲಿದ್ದು ಬಂದರು. ಆ ಸಂಖ್ಯೆ ಗೊತ್ತಿರದಿದ್ದರೆ ನಾವು ಖಂಡಿತ ಬೆಳಗಾಗಲಿ ಎಂದು ಕಾಯುತ್ತಿದ್ದೆವು.

ಅದಕ್ಕೂ ಎರಡು ದಿನ ಮೊದಲು ಪರಿಚಯದವರೊಬ್ಬರು ಸ್ಟೀರಾಯ್ಡ್ ಮಾತ್ರೆ ತಂದುಕೊಟ್ಟಿದ್ದರು. ಪ್ರೀತಿಯಿಂದಲೇ ತಂದದ್ದು. ಅಕ್ಕ ಬೇಡವೇ ಬೇಡ ಎಂದರು. ಅವರು ಹೇಳಿದ್ದು ಸರಿ. ಆಕ್ಸಿಜನ್ ಬೇಕಾದವರಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಜೀವ ಉಳಿಸುತ್ತದೆ, ಬೇಡದವರಿಗೆ ಅದರಿಂದ ಲಾಭವಿಲ್ಲ, ಕೆಡುಕೂ ಆಗಬಹುದು ಎಂದು 2020ರಲ್ಲೇ ಬ್ರಿಟನ್ನಿನ ದೊಡ್ಡ ಅಧ್ಯಯನ ತೋರಿಸಿತ್ತು. ಕಷಾಯಕ್ಕೆ ಅಕ್ಕ ಬೇಡ ಅನ್ನಲಿಲ್ಲ. ಅದನ್ನೇ ನಂಬಿ ಕೂರಬೇಡಿ ಎಂದರು ಅಷ್ಟೇ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮೂರಲ್ಲಿ ಜನ ಜ್ವರವನ್ನು ಮುಚ್ಚಿಡುತ್ತಿದ್ದರು. ಎತ್ತಿಕೊಂಡು ಹೋಗಿಬಿಡ್ತಾರೆ, ಅಕ್ಕಪಕ್ಕದವರು ನೀರಿಗೂ ಸೇರಿಸಲ್ಲ ಅನ್ನೋ ಭಯ. ಅಕ್ಕ ಹಾಗಾಗಿ "ಜ್ವರ ಇದೆಯಾ?" ಎಂದು ಕೇಳುತ್ತಿರಲಿಲ್ಲ. "ಊಟ ರುಚಿ ಹತ್ತುತ್ತಾ? ರಾತ್ರಿ ನಿದ್ದೆ ಬಂತಾ?" ಎಂದು ಮಾತಿಗೆ ಶುರು ಮಾಡುತ್ತಿದ್ದರು. ಯಾರ ಮನೆಯ ವಿಷಯವನ್ನೂ ಇನ್ನೊಬ್ಬರ ಮನೆಯಲ್ಲಿ ಆಡುತ್ತಿರಲಿಲ್ಲ. ಅದಕ್ಕೇ ಜನ ಅವರಿಗೆ ನಿಜ ಹೇಳುತ್ತಿದ್ದರು. ನಮ್ಮ ರಾಜ್ಯದಲ್ಲಿ ಇವರಂಥವರು ಸುಮಾರು 42 ಸಾವಿರ ಜನ ಇದ್ದರು. ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷತಾ ಸಾಮಗ್ರಿ ಕೊಡಿ ಎಂದು 2020ರ ಜುಲೈನಲ್ಲಿ ಮುಷ್ಕರ ಮಾಡಬೇಕಾಯಿತು ಅವರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿಮ್ಮ ಊರಲ್ಲಿ ಈಗಿರುವುದು ಯಾವ ಜ್ವರ ಎಂದು ಪರೀಕ್ಷೆಯಿಂದಲೇ ಗೊತ್ತಾಗಬೇಕು. ಅಲ್ಲಿಯವರೆಗೆ ಕಿಟಕಿ, ಮಾಸ್ಕ್, ವಯಸ್ಸಾದವರನ್ನು ದೂರ ಇಡುವುದು ಯಾವುದಕ್ಕಾದರೂ ಆಗುತ್ತದೆ. ಮಕ್ಕಳ ಅಂಗಿ ಎತ್ತಿ ನೋಡಿ. ಉಸಿರು ತುಂಬ ಬಿರುಸಾಗಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದುಕೊಳ್ಳುತ್ತಿದ್ದರೆ ಸಂಖ್ಯೆಗಾಗಿ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ವಯಸ್ಸಾದವರು ಇದ್ದಕ್ಕಿದ್ದಂತೆ ಮಂಕಾದರೂ ಅಷ್ಟೇ. ನಿಮ್ಮ ಆಶಾ ಕಾರ್ಯಕರ್ತೆಯ ನಂಬರ್, ಸಲಹೆಗೆ 104, ಆಂಬುಲೆನ್ಸ್‌ಗೆ 108, ಈ ಮೂರನ್ನೂ ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಕೋವಿಡ್ ಹೊತ್ತಲ್ಲಿ ಕೊಂಡ ಆಕ್ಸಿಮೀಟರ್ ಅಲ್ಮೇರಾದಲ್ಲಿದ್ದರೆ ಇವತ್ತೇ ಹೊರಗೆ ತೆಗೆದು, ಹೊಸ ಸೆಲ್ ಹಾಕಿ ನೋಡಿ.