ನಾಲ್ಕು ಸುವಾರ್ತೆಗಳನ್ನು ಬರೆದವರು ಯೇಸುವನ್ನು ಕಣ್ಣಾರೆ ಕಂಡವರೇ?

ಮತ್ತಾಯ, ಮಾರ್ಕ, ಲೂಕ, ಯೋಹಾನ ನಿಜವಾಗಿಯೂ ಯೇಸುವಿನ ಜೊತೆ ಇದ್ದವರಾ, ಇಲ್ಲ ಅಂದರೆ ಇದೆಲ್ಲ ಕಟ್ಟುಕಥೆಯಾ ಎಂದು ಕೇಳಿದ್ದೀರಿ. ಯೇಸುವಿನ ಬದುಕನ್ನು ಹೇಳುವ ಈ ಪುಸ್ತಕಗಳನ್ನು ನಾನು ನಂಬಿಕೆಯಿಂದಲೇ ಓದುತ್ತೇನೆ. ಆದರೂ ನಾಲ್ಕಕ್ಕೂ ಸೇರಿಸಿ ಒಂದೇ ಉತ್ತರ ಕೊಡಲು ಆಗುವುದಿಲ್ಲ.

ಲೂಕನ ವಿಷಯ ಸುಲಭ. ಮೊದಲ ನಾಲ್ಕು ವಚನಗಳನ್ನು ಓದಿ. ಮೊದಲಿನಿಂದ ಕಣ್ಣಾರೆ ಕಂಡವರು ತಿಳಿಸಿದ್ದನ್ನು ವಿಚಾರಿಸಿ ಬರೆಯುತ್ತಿದ್ದೇನೆ ಅಂತ ಅವನೇ ಹೇಳುತ್ತಾನೆ. ಅಂದರೆ ಅವನು ಆ ಕಂಡವರಲ್ಲಿ ಒಬ್ಬನಲ್ಲ.

ಮಾರ್ಕನು ಯೇಸುವಿನ ಶಿಷ್ಯ ಪೇತ್ರನ ದುಭಾಷಿಯಾಗಿದ್ದ, ಅವನಿಂದ ಕೇಳಿ ನೆನಪಿದ್ದಷ್ಟನ್ನು ಬರೆದ ಎಂದು 2ನೇ ಶತಮಾನದ ಆರಂಭದಲ್ಲಿ ಪಾಪಿಯಾಸ್ ಎಂಬ ಬಿಷಪ್ ಹೇಳಿದ್ದಾನೆ. ಪಾಪಿಯಾಸನ ಪುಸ್ತಕ ಉಳಿದಿಲ್ಲ. 4ನೇ ಶತಮಾನದ ಚರ್ಚ್ ಇತಿಹಾಸಕಾರ ಯುಸೇಬಿಯಸ್ ಉದ್ಧರಿಸಿದ್ದರಿಂದ ಈ ಮಾತು ನಮಗೆ ಸಿಕ್ಕಿದೆ. ನಮಗೆ ತಿಳಿದಂತೆ ನಾಲ್ಕೂ ಹೆಸರುಗಳನ್ನು ಒಟ್ಟಿಗೆ ಮೊದಲು ಹೇಳುವವನು ಐರೇನಿಯಸ್ ಎಂಬ ಬಿಷಪ್, ಸುಮಾರು 180ರಲ್ಲಿ. ಸುವಾರ್ತೆಗಳ ಒಳಗೆ ಬರೆದವನು ತನ್ನ ಹೆಸರು ಹೇಳಿಕೊಳ್ಳುವುದೇ ಇಲ್ಲ.

ನನಗೆ ಒಪ್ಪಲು ಕಷ್ಟವಾಗುವುದು ಮತ್ತಾಯನ ಹೆಸರು. ಮಾರ್ಕನ ಪುಸ್ತಕದ ಬಹುಪಾಲು ಮತ್ತಾಯದಲ್ಲಿದೆ, ಎಷ್ಟೋ ಕಡೆ ಗ್ರೀಕ್ ಪದಗಳೂ ಅವೇ. ಮಾರ್ಕನೇ ಮೊದಲು ಬರೆದ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸುಂಕದ ಕಟ್ಟೆಯಲ್ಲಿ ಕೂತಿದ್ದವನನ್ನು ಯೇಸು ಕರೆದ ಪ್ರಸಂಗವನ್ನೇ ನೋಡಿ. ಮಾರ್ಕದಲ್ಲಿ ಅವನ ಹೆಸರು ಲೇವಿ, ಮತ್ತಾಯದಲ್ಲಿ ಮತ್ತಾಯ. ಉಳಿದದ್ದು ಹೆಚ್ಚುಕಡಿಮೆ ಅದೇ. ತನ್ನ ಬದುಕೇ ಬದಲಾದ ದಿನವನ್ನು ಹನ್ನೆರಡು ಶಿಷ್ಯರಲ್ಲಿ ಒಬ್ಬನಾದವನು ಇನ್ನೊಬ್ಬರ ಪುಸ್ತಕ ನೋಡಿ ಯಾಕೆ ಬರೆಯಬೇಕು?

ಯೋಹಾನದ 21ನೇ ಅಧ್ಯಾಯದ ಕೊನೆಯಲ್ಲಿ, ಇವುಗಳಿಗೆ ಸಾಕ್ಷಿ ಹೇಳಿ ಬರೆದವನು ಯೇಸುವಿಗೆ ಪ್ರಿಯನಾಗಿದ್ದ ಶಿಷ್ಯ (ಅವನ ಹೆಸರು ಹೇಳಿಲ್ಲ), ಅವನ ಸಾಕ್ಷಿ ಸತ್ಯವೆಂದು ನಾವು ಬಲ್ಲೆವು ಎಂದಿದೆ. ಈ 'ನಾವು' ಯಾರು? ಶಿಷ್ಯನ ನೆನಪನ್ನು ಅವನ ಸುತ್ತ ಇದ್ದವರು ಪುಸ್ತಕವಾಗಿ ಮುಗಿಸಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಕಟ್ಟುಕಥೆಯಾ? ಇಲ್ಲ. ಇದಕ್ಕೆ ನಾನು ಸುವಾರ್ತೆ ಬಿಟ್ಟು, ಯೇಸುವಿನ ಸಂದೇಶ ಸಾರುತ್ತಾ ಸಭೆಗಳಿಗೆ ಪತ್ರ ಬರೆದ ಪೌಲನ ಕಡೆಗೆ ಹೋಗುತ್ತೇನೆ. ಅವನದೇ ಎಂದು ವಿದ್ವಾಂಸರು ಒಪ್ಪುವ ಪತ್ರಗಳು ಸುವಾರ್ತೆಗಳಿಗಿಂತ ಹಳೆಯವು, ಯೇಸು ಸತ್ತು ಸುಮಾರು 20-30 ವರ್ಷಗಳ ಒಳಗಿನವು. ಗಲಾತ್ಯ ಪ್ರಾಂತ್ಯದ ಸಭೆಗಳಿಗೆ ಬರೆಯುವಾಗ ಪೌಲ ಸಿಟ್ಟಿನಲ್ಲಿದ್ದಾನೆ. ತನ್ನ ಸಂದೇಶ ಯಾವ ಮನುಷ್ಯನಿಂದಲೂ ಕಲಿತದ್ದಲ್ಲ ಎಂದು ವಾದಿಸುತ್ತಿದ್ದಾನೆ. ಯೆರೂಸಲೇಮಿನಲ್ಲಿದ್ದ ಯೇಸುವಿನ ಶಿಷ್ಯರ ಜೊತೆ ತನಗೆ ನಂಟು ಕಡಿಮೆ ಎಂದು ತೋರಿಸುವುದೇ ಅವನಿಗೆ ಬೇಕಾಗಿತ್ತು. ಅಂಥವನು, ಯೇಸುವನ್ನು ನಂಬಿ ಮೂರು ವರ್ಷ ಕಳೆದ ಮೇಲೆ ಅಲ್ಲಿಗೆ ಹೋಗಿ ಪೇತ್ರನ ಜೊತೆ 15 ದಿನ ಇದ್ದೆ, ಕರ್ತನ (ಅಂದರೆ ಯೇಸುವಿನ) ತಮ್ಮನಾದ ಯಾಕೋಬನನ್ನೂ ಕಂಡೆ, ದೇವರಾಣೆ ಸುಳ್ಳಲ್ಲ ಎನ್ನುತ್ತಾನೆ. ವಾದಕ್ಕೆ ಅನುಕೂಲವಲ್ಲದ ಮಾತನ್ನು ಯಾರೂ ಸುಮ್ನೆ ಹುಟ್ಟಿಸುವುದಿಲ್ಲ, ಅಲ್ವಾ? ನೇರವಾಗಿ ಕಂಡವರನ್ನು ಭೇಟಿಯಾದೆ ಎಂದು ತನ್ನ ಹೆಸರಿನಲ್ಲೇ ಬರೆದವನು ಇಲ್ಲಿ ಸಿಗುತ್ತಾನೆ. ಪವಾಡಗಳು ನಡೆದವಾ ಎಂಬುದು ಇದರಿಂದ ತೀರ್ಮಾನವಾಗುವುದಿಲ್ಲ. ಆದರೆ ಪೇತ್ರ, ಯಾಕೋಬ ಇದ್ದದ್ದು ಖಂಡಿತ, ಅವರ ಮಾತು ಹರಡಿದ್ದೂ ಖಂಡಿತ.

ಮಾರ್ಕದಲ್ಲೂ ಅಂಥ ಒಂದು ಸಾಲಿದೆ. ಯೇಸುವಿನ ಶಿಲುಬೆ ಹೊತ್ತ, ಕುರೇನ್ಯ ಎಂಬ ಊರಿನ ಸೀಮೋನನನ್ನು ಅಲೆಕ್ಸಾಂದ್ರ ಮತ್ತು ರೂಫನ ತಂದೆ ಎಂದು ಪರಿಚಯಿಸುತ್ತಾನೆ. ಆ ಮಕ್ಕಳು ಯಾರೆಂದು ಹೇಳುವುದಿಲ್ಲ. ಮೊದಲ ಓದುಗರಿಗೆ ಅವರ ಪರಿಚಯ ಇದ್ದಿರಬೇಕು. ಮತ್ತಾಯದಲ್ಲೂ ಲೂಕದಲ್ಲೂ ಆ ಎರಡು ಹೆಸರುಗಳಿಲ್ಲ. ನೀವು ಹೊಸದಾಗಿ ಓದುವುದಾದರೆ ಗಲಾತ್ಯದ ಮೊದಲ ಎರಡು ಅಧ್ಯಾಯ ಮುಗಿಸಿ, ಆಮೇಲೆ ಮಾರ್ಕವನ್ನು ಹಿಡಿಯಿರಿ.